ಉಡಿ ತುಂಬಿ ಕಳಿಸಿದ ಸಿ.ಡಿ.

ದೊಡ್ಡವ್ವ ಯಾರಿಗಾದರೂ ಮಾದರಿ ಕೊಡುವುದಿಲ್ಲ ಎಂದದ್ದನ್ನು ನಾನು ಕೇಳಿಲ್ಲ. ಓಣಿಯಲ್ಲಿ ಅವಳಿಗೆ ಆಗದವರು ಇಬ್ಬರಿದ್ದರು. ಒಬ್ಬಳ ಜೊತೆ ನಳದ ನೀರಿನ ಜಗಳ. ಇನ್ನೊಬ್ಬಳ ಜೊತೆ ಯಾವ ಜಗಳವೆಂಬುದು ಇಬ್ಬರಿಗೂ ಮರೆತುಹೋಗಿತ್ತು, ಮಾತು ಬಿಟ್ಟದ್ದಷ್ಟೇ ನೆನಪಿತ್ತು. ಅವರೇ ಬಂದು ಹೊಸ್ತಿಲಲ್ಲಿ ನಿಂತು, "ಆ ಗೋಪುರ ಹೆಂಗ ತಗದೀರಿ?" ಎಂದರೂ ದೊಡ್ಡವ್ವ ಪೆಟ್ಟಿಗೆಯ ಮುಚ್ಚಳ ಎತ್ತಿ ಸೀರೆಯನ್ನು ಅವರ ಕೈಗಿಡುತ್ತಿದ್ದಳು. "ಎಳಿ ಎಣಿಸಿಕೊಂಡು ಹೊಳ್ಳಿ ಕೊಡ್ರಿ" ಎಂದು ಹೇಳಿ, ಮತ್ತೆ ಮುಖ ಗಂಟು ಹಾಕಿಕೊಂಡು ಒಳಗೆ ಹೋಗುತ್ತಿದ್ದಳು.

ನಮ್ಮ ಕಡೆಯ ಕಸೂತಿ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಇದಕ್ಕೆ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸಿ ಎಣಿಸಿ ಸೂಜಿ ಹಾಕಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ. ಹೋದ ದಾರಿಯಲ್ಲೇ ತಿರುಗಿ ಬರಬೇಕು, ಬರುವಾಗ ಹೋಗುವಾಗ ಬಿಟ್ಟ ಜಾಗ ತುಂಬಬೇಕು. ನಡುವೆ ಒಂದು ಎಳೆ ತಪ್ಪಿತೋ, ಆನೆ ಕತ್ತೆಯಾಗುತ್ತದೆ. ಹಾಗಾಗಿ ಒಂದು ಮಾದರಿ ಕಲಿಯಬೇಕೆಂದರೆ ಇರುವುದು ಒಂದೇ ದಾರಿ. ಮಾಡಿದವಳ ಸೀರೆಯನ್ನು ಇಸಿದುಕೊಂಡು, ಮಡಿಲಲ್ಲಿ ಹಾಕಿಕೊಂಡು, ಎಣಿಸಬೇಕು. ನಕಲು ಮಾಡದೆ ಕಲಿತವಳು ನಮ್ಮಲ್ಲಿ ಒಬ್ಬಳೂ ಇಲ್ಲ.

ಎಣಿಸಿಕೊಂಡಾದ ಮೇಲೆ ಸೀರೆಯನ್ನು ಬರಿದೆ ತಿರುಗಿ ಕೊಡಬಾರದು. ಅದು ನಮ್ಮ ಓಣಿಯ ರೂಢಿ. ಸೀರೆಯ ಮಡಿಕೆಯಲ್ಲಿ ಒಂದು ಹಿಡಿ ಅಕ್ಕಿ, ಎರಡು ಅಡಿಕೆ, ಒಂದು ಅರಿಶಿನ ಕೊಂಬು, ಕುಂಕುಮದ ಪೊಟ್ಟಣ ಇಟ್ಟು ಕೊಡಬೇಕು. ಹೆಣ್ಣುಮಗಳಿಗೆ ಉಡಿ ತುಂಬಿದ ಹಾಗೆ ಸೀರೆಗೆ ಉಡಿ. ದೊಡ್ಡವ್ವ ಅದನ್ನು ಕಣ್ಣಿಗೊತ್ತಿಕೊಂಡು ಒಳಗಿಡುತ್ತಿದ್ದಳು. ಉಡಿ ಕೊಟ್ಟರೆ ನಿನ್ನ ಮಾದರಿ ತೆಗೆದುಕೊಂಡೆ ಎಂದರ್ಥ, ಉಡಿ ಇಸಿದುಕೊಂಡರೆ ಕೊಟ್ಟೆ ಎಂದರ್ಥ. ಇದಕ್ಕಿಂತ ಹೆಚ್ಚಿನ ಕಾಗದಪತ್ರ ಯಾರೂ ಕೇಳಿರಲಿಲ್ಲ.

ದೊಡ್ಡವ್ವ ಎಂದರೆ ನನ್ನ ಅವ್ವನ ಅಕ್ಕ. ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು. ನನ್ನ ಮದುವೆಯಾಗಿ ಧಾರವಾಡದ ಕೆಲಗೇರಿಯಲ್ಲಿ ಮನೆ ಮಾಡಿದಾಗ ತನ್ನ ಪೆಟ್ಟಿಗೆಯ ಸಮೇತ ನನ್ನ ಜೊತೆಗೇ ಬಂದಳು. ಆ ಪೆಟ್ಟಿಗೆಯ ತಳದಲ್ಲಿ ಅವಳ ಚಂದ್ರಕಾಳಿ ಸೀರೆಯಿತ್ತು. ಚಂದ್ರಕಾಳಿ ಎಂದರೆ ಮೈಯೂ ಕಪ್ಪು, ಸೆರಗೂ ಕಪ್ಪು. ಅವಳ ಸೆರಗಿನ ಅಂಚಿಗೆ ಗೋಪುರದ ಸಾಲು, ಅದರ ಕೆಳಗೆ ಅಂಬಾರಿ ಹೊತ್ತ ಹನ್ನೊಂದು ಆನೆ. ಮದುವೆಯಾದ ಹೊಸದರಲ್ಲಿ, ಅತ್ತೆಯ ಮನೆಯ ಪಡಸಾಲೆಯಲ್ಲಿ ಕೂತು ಒಂದು ವರ್ಷ ಹೊಲಿದದ್ದಂತೆ.

ಹತ್ತು ಆನೆಗಳ ಸೊಂಡಿಲು ಹೊಲಿಗೆಯ ಆರು ಮೆಟ್ಟಿಲು ಇಳಿದು ನಿಲ್ಲುತ್ತವೆ. ಎಡದಿಂದ ನಾಲ್ಕನೆಯದರ ಸೊಂಡಿಲು ಮಾತ್ರ ಏಳು ಮೆಟ್ಟಿಲು ಇಳಿದು ನೆಲದ ಗೆರೆ ಮುಟ್ಟುತ್ತದೆ. ಅದನ್ನು ಹೊಲಿಯುವಾಗ ಅಡುಗೆಮನೆಯಿಂದ ಅತ್ತೆ, "ಊಟಕ್ಕ ಎಷ್ಟ ಮಂದಿ ಅದಾರ?" ಎಂದು ಕೇಳಿದಳಂತೆ. ಇವಳ ಬಾಯಿ "ಏಳು" ಎಂದಿತು, ಕೈಯೂ ಏಳು ಹಾಕಿತು. ತಪ್ಪು ಕಂಡದ್ದು ನಾಲ್ಕು ದಿನ ಬಿಟ್ಟು. ಅಷ್ಟರಲ್ಲಿ ದಾರ ಹೋಗಿ ತಿರುಗಿ ಬಂದಾಗಿತ್ತು, ಬಿಚ್ಚಿದರೆ ಅರ್ಧ ಆನೆ ಬಿಚ್ಚಬೇಕು. ಬಿಟ್ಟಳು. ಯಾರಾದರೂ ಬೆರಳು ತೋರಿಸಿ ಕೇಳಿದರೆ, "ಆಕಿಗೆ ಹಸಿವಿ ಭಾಳ, ನೆಲದ ಮ್ಯಾಲಿಂದು ಆರಿಸಿ ತಿನ್ನಾಕತ್ತಾಳ" ಎನ್ನುತ್ತಿದ್ದಳು. ಎಣಿಸುವವರನ್ನು ಮಾತಾಡಿಸಬಾರದು ಎಂಬುದು ನಮ್ಮ ಮನೆಯ ಮೊದಲ ನಿಯಮವಾದದ್ದು ಹಾಗೆ.

ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ದೂರದ ಊರಿನ ಒಂದು ಸಂಸ್ಥೆಯವರು ಬಂದರು. ಒಬ್ಬ ಹೆಣ್ಣುಮಗಳು, ಒಬ್ಬ ಗಂಡಸು, ಒಂದು ದೊಡ್ಡ ಕ್ಯಾಮೆರಾ. ಹಳೆಯ ಕಸೂತಿಯನ್ನೆಲ್ಲ ದಾಖಲೆ ಮಾಡಿಡುತ್ತೇವೆ, ಇಲ್ಲದಿದ್ದರೆ ಅಳಿದುಹೋಗುತ್ತದೆ ಎಂದರು. ಮಾತು ಛಲೋ ಇತ್ತು. ಮೂರು ದಿನ ನಮ್ಮ ಪಡಸಾಲೆಯಲ್ಲೇ ಕೂತು ಫೋಟೋ ತೆಗೆದರು. ಮೂರು ದಿನವೂ ದೊಡ್ಡವ್ವ ಅವರಿಗೆ ಉಪ್ಪಿಟ್ಟು, ರೊಟ್ಟಿ, ಎಣಗಾಯಿ ಬಡಿಸಿದಳು. ಹೋಗುವಾಗ ಚಂದ್ರಕಾಳಿಯನ್ನು ಕೇಳಿದರು, ಸೆರಗಿನ ನಕ್ಷೆ ಎಳೆ ಎಳೆಯಾಗಿ ತೆಗೆಯಬೇಕು, ತಿಂಗಳೊಳಗೆ ಕಳಿಸುತ್ತೇವೆ ಎಂದು. ಯಜಮಾನರು ನನ್ನ ಮುಖ ನೋಡಿದರು. ದೊಡ್ಡವ್ವ ಯಾರ ಮುಖವನ್ನೂ ನೋಡದೆ ಕೊಟ್ಟಳು.

ಸೀರೆ ತಿರುಗಿ ಬಂತು, ಸುಳ್ಳು ಹೇಳಬಾರದು. ಪ್ಲಾಸ್ಟಿಕ್ ಚೀಲದಲ್ಲಿ, ಅಚ್ಚುಕಟ್ಟಾಗಿ ಮಡಚಿ. ದೊಡ್ಡವ್ವ ಒಂದೊಂದೇ ಮಡಿಕೆ ಬಿಡಿಸಿದಳು, ಕೊಡವಿದಳು, ಮತ್ತೆ ನೋಡಿದಳು. ಒಂದು ಕಾಳು ಅಕ್ಕಿ ಇರಲಿಲ್ಲ. "ಪಾಪ, ದೂರದವ್ರು. ಅವ್ರಿಗೆ ಗೊತ್ತಿಲ್ಲ" ಎಂದು ಪೆಟ್ಟಿಗೆಯಲ್ಲಿಟ್ಟಳು. ನನಗೆ ಮಾತ್ರ ಆವತ್ತೇ ಸಿಟ್ಟು ಬಂದಿತ್ತು. ಮೂರು ದಿನ ಉಂಡವರಿಗೆ ಒಂದು ಚೀಟಿ ಬರೆದಿಡಲೂ ಆಗಲಿಲ್ಲವೇ ಎಂದು.

ಮುಂದೆ ಎರಡು ಕೇಡು ಒಟ್ಟೊಟ್ಟಿಗೆ ಬಂದವು. ದೊಡ್ಡವ್ವನ ಕಣ್ಣು ಹೋಯಿತು. ಡಾಕ್ಟರು ಲೇಟಾಯಿತು ಎಂದರು, ಮೊದಲೊಂದು ಕಣ್ಣು, ಆಮೇಲೆ ಇನ್ನೊಂದು. ಇತ್ತ ಪೆಟ್ಟಿಗೆಯೊಳಗೆ ಚಂದ್ರಕಾಳಿ ತನ್ನಷ್ಟಕ್ಕೆ ತಾನು ಸಾಯುತ್ತಿತ್ತು. ಹಳೆಯ ಕಾಲದ ಕಪ್ಪು ಬಣ್ಣ ನೂಲನ್ನೇ ತಿನ್ನುತ್ತದಂತೆ, ಜೊತೆಗೆ ವರ್ಷಗಟ್ಟಲೆ ಒಂದೇ ಮಡಿಕೆ. ಮಗಳ ಮದುವೆ ನಿಶ್ಚಯವಾಗಿ ನಾನು ಪೆಟ್ಟಿಗೆ ತೆಗೆದ ದಿನ ಸೀರೆ ಕೈಯಲ್ಲಿ ಹಪ್ಪಳದಂತೆ ಮುರಿಯಿತು. ಸೆರಗು ಎತ್ತಿದೆ, ಆನೆಗಳೆಲ್ಲ ಚೂರುಚೂರಾಗಿ ಚಾಪೆಯ ಮೇಲೆ ಉದುರಿದವು. ದೊಡ್ಡವ್ವ ಮಂಚದ ಮೇಲೆ ಕೂತಿದ್ದಳು. "ಯಾಕ ಸುಮ್ಮನಾದಿ?" ಎಂದು ಕೇಳಿದಳು. ನಾನು ಹೇಳಲೇಬೇಕಾಯಿತು.

ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಮದುವೆಯಲ್ಲಿ ಆ ಆನೆಯ ಸೆರಗಿನ ಚಂದ್ರಕಾಳಿ ಕೊಡಬೇಕೆಂಬುದು ದೊಡ್ಡವ್ವನ ಹಟ. ಅವಳಿಗೆ ಮಕ್ಕಳಿರಲಿಲ್ಲ, ನನಗೆ ಅವಳೇ ಹೊಲಿದು ಕೊಟ್ಟಿದ್ದಳು. ಆದರೆ ನನ್ನದರಲ್ಲಿ ಕೈ ಸಾಗದೆ ಬರೀ ಗೋಪುರಗಳಿದ್ದವು, "ಆನಿ ನಿನ್ನ ಮಗಳಿಗೆ" ಎಂದಿದ್ದಳು. ಈಗ ಮಗಳ ಮದುವೆ ಬಂದಿತ್ತು, ಆನೆ ಇರಲಿಲ್ಲ. ಲೆಕ್ಕ ಬಾಯಿಯಲ್ಲಿ ಹೇಳು ಎಂದರೆ ಅವಳಿಗೆ ಬರುತ್ತಿರಲಿಲ್ಲ. "ಬಾಯಾಗ ಇಲ್ಲ ಯವ್ವಾ ಅದು, ಕಣ್ಣಾಗ ಇತ್ತು" ಎನ್ನುತ್ತಿದ್ದಳು. ಓಣಿಯವರೆಲ್ಲ ಗೋಪುರ, ತುಳಸಿಕಟ್ಟೆ, ಗಿಳಿ ಎಂದು ಸಣ್ಣಸಣ್ಣವನ್ನು ಒಯ್ದವರೇ. ಅಷ್ಟು ದೊಡ್ಡ ಆನೆಯನ್ನು ಎಣಿಸುವ ತಾಳ್ಮೆ ಯಾರಿಗೂ ಇರಲಿಲ್ಲ. ನನಗೂ ಇರಲಿಲ್ಲ. ಸೀರೆ ಮನೆಯಲ್ಲೇ ಇದೆಯಲ್ಲ, ಎಂದಾದರೂ ಎಣಿಸಿದರಾಯಿತು ಎಂದು ಇಪ್ಪತ್ತು ವರ್ಷ ಕಳೆದಿದ್ದೆ.

ನನ್ನ ಕೆಲಸ ಹುಬ್ಬಳ್ಳಿಯ ವಿದ್ಯಾನಗರದ ಒಂದು ಕಾಲೇಜಿನ ಲೈಬ್ರರಿಯಲ್ಲಿ. ಅಲ್ಲಿಗೆ ಬರುವ ಒಂದು ಪತ್ರಿಕೆಯಲ್ಲಿ ಅದೇ ಸಂಸ್ಥೆಯ ಜಾಹೀರಾತು ಕಂಡಿತು. ಭಾರತದ ಕಸೂತಿಗಳು, ಪೂರ್ತಿ ನಕ್ಷೆಗಳೊಂದಿಗೆ, ಸಿ.ಡಿ.ಯಲ್ಲಿ. ಬೆಲೆ ಕೇಳಿ ಯಜಮಾನರು ಹುಬ್ಬು ಏರಿಸಿದರು. ಕಣ್ಣು ಮುಚ್ಚಿ ಡಿ.ಡಿ. ತೆಗೆದು ಕಳಿಸಿದೆ. ಹದಿನೈದು ದಿನಕ್ಕೆ ಬಂತು. ನಮ್ಮ ಲೈಬ್ರರಿಯ ಕಂಪ್ಯೂಟರಿಗೆ ಸಿ.ಡಿ. ಹಾಕುವ ಜಾಗವೇ ಇರಲಿಲ್ಲ. ಮನೆಯಲ್ಲಿ ಕಂಪ್ಯೂಟರೇ ಇಲ್ಲ, ತಡೆಯಲಾರದೆ ಕಾಲೇಜಿನ ಎದುರಿನ ಇಂಟರ್ನೆಟ್ ಸೆಂಟರಿಗೆ ನುಗ್ಗಿದೆ. ಅದರ ಮಾಲೀಕ ನಮ್ಮ ಕಾಲೇಜಿನ ನೋಟೀಸುಗಳನ್ನು ಟೈಪು ಮಾಡಿಕೊಡುವವನು, ನನಗೆ ಪರಿಚಿತ. ನಾಲ್ಕನೆಯ ಮಷಿನ್ ಖಾಲಿಯಿತ್ತು. ಲಕೋಟೆಯ ಮೇಲಿದ್ದ ಉದ್ದದ ನಂಬರನ್ನು ಅವನೇ ಹೊಡೆದ. ಒಪ್ಪಿಗೆಯೇ ಎಂದು ಏನೋ ಕೇಳಿತು. ಎಲ್ಲರ ಹಾಗೆ ನಾವೂ ಓದದೆ ಒಪ್ಪಿದೆವು.

ತೆರೆದುಕೊಂಡಿತು. ಕಪ್ಪು ಚೌಕಗಳ ಮೇಲೆ ಕೆಂಪು, ಹಸಿರು, ಹಳದಿ ಗೆರೆ. ಹನ್ನೊಂದು ಆನೆ, ಒಂದಾದ ಮೇಲೆ ಒಂದು. ನಾನು ಎಡದಿಂದ ನಾಲ್ಕನೆಯದಕ್ಕೆ ಬೆರಳಿಟ್ಟು ಸೊಂಡಿಲಿನ ಮೆಟ್ಟಿಲು ಎಣಿಸಿದೆ. ಏಳು! ನಕ್ಷೆ ಬರೆದವರು ಅದು ತಪ್ಪೆಂದು ತಿಳಿಯದೆ ನಿಷ್ಠೆಯಿಂದ ಇಳಿಸಿಕೊಂಡಿದ್ದರು. ಅಷ್ಟು ಮಂದಿಯ ನಡುವೆ ಇನ್ನೊಮ್ಮೆ ಎಣಿಸಿದೆ. ಆಮೇಲೆ ಕೆಳಗಿನ ಬರಹ ಓದಿದೆ. ಸಾಂಪ್ರದಾಯಿಕ ವಿನ್ಯಾಸ, ಧಾರವಾಡ ಭಾಗ, ಮಾಡಿದವರು ತಿಳಿದಿಲ್ಲ ಎಂದು ಇಂಗ್ಲಿಷಿನಲ್ಲಿತ್ತು.

ತಿಳಿದಿಲ್ಲವಂತೆ. ಮೂರು ದಿನ ಎಣಗಾಯಿ ಬಡಿಸಿದ ಕೈ ಯಾರದೆಂದು ತಿಳಿದಿಲ್ಲವಂತೆ! ಕೊಟ್ಟವ ಕೋಡಂಗಿ, ಈಸಿಕೊಂಡವ ಈರಭದ್ರ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಇರಲಿ, ಮೊದಲು ಪ್ರಿಂಟು ತೆಗೆಯೋಣ ಎಂದೆ. ಮಾಲೀಕ ಅಲ್ಲಿ ಒತ್ತಿದ, ಇಲ್ಲಿ ಒತ್ತಿದ. "ಅಕ್ಕಾರ, ಪ್ರಿಂಟ್ ಅನ್ನೂದನ್ನ ಬಂದ್ ಇಟ್ಟಾರ್ರಿ" ಎಂದ. ಹಾಗಾದರೆ ಯಜಮಾನರು ಕೆಲಸ ಮಾಡುವ ಗೋಕುಲ ರಸ್ತೆಯ ಕಾರ್ಖಾನೆಯಲ್ಲಿ ದೊಡ್ಡ ಪ್ರಿಂಟರ್ ಇದೆ, ಅಲ್ಲಿ ಆದೀತೆಂದು ಮರುದಿನ ಅವರ ಕೈಯಲ್ಲಿ ಕಳಿಸಿದೆ. ಅಲ್ಲಿ ಪ್ರಿಂಟು ಹಾಳಾಗಿ ಹೋಗಲಿ, ಅದು ತೆರೆಯಲೇ ಇಲ್ಲ. ಈ ಕಡತ ಬೇರೆ ಕಂಪ್ಯೂಟರಿನಲ್ಲಿ ನೋಂದಣಿಯಾಗಿದೆ, ಇಲ್ಲಿ ನೋಡುವಂತಿಲ್ಲ ಎಂದು ಬಂತಂತೆ. ಮೊದಲು ಯಾವ ಮಷಿನ್ನಿನಲ್ಲಿ ತೆರೆಯುತ್ತೀರೋ ಅದಕ್ಕೇ ಅದರ ಗಂಟು. ನನ್ನ ದೊಡ್ಡವ್ವನ ಆನೆಗಳನ್ನು ನಾನೇ ನನ್ನ ಕೈಯಾರೆ ಒಂದು ಇಂಟರ್ನೆಟ್ ಸೆಂಟರಿನ ನಾಲ್ಕನೆಯ ಮಷಿನ್ನಿಗೆ ಕಟ್ಟಿಹಾಕಿ ಬಂದಿದ್ದೆ.

ಫೋನು ಮಾಡಿದೆ. ಎಸ್.ಟಿ.ಡಿ. ಬೂತಿನ ಗಾಜಿನ ಡಬ್ಬಿಯಲ್ಲಿ ನಿಂತು ನನ್ನ ಹರಕುಮುರುಕು ಹಿಂದಿಯಲ್ಲಿ. ಆ ಕಡೆಯ ಹೆಣ್ಣುಮಗಳ ಧ್ವನಿ ಬೆಣ್ಣೆಯಂತಿತ್ತು. ಕಡತಗಳು ಸಂಸ್ಥೆಯ ಆಸ್ತಿ, ಮೇಡಂ. ಮುದ್ರಣಕ್ಕೆ, ನಕಲಿಗೆ, ಮಷಿನ್ ಬದಲಿಸುವುದಕ್ಕೆ ಅವಕಾಶವಿಲ್ಲ. ನಾನು ಕೊಂಡಿದ್ದೇನೆ ಎಂದೆ. ನೀವು ಕೊಂಡದ್ದು ನೋಡುವ ಹಕ್ಕು ಎಂದಳು. ಆ ಸೀರೆ ನಮ್ಮ ಮನೆಯದು, ಮಾಡಿದವಳು ನಮ್ಮ ದೊಡ್ಡವ್ವ ಎಂದೆ. ಸಾಂಪ್ರದಾಯಿಕ ವಿನ್ಯಾಸಕ್ಕೆ ಒಡೆಯರಿರುವುದಿಲ್ಲ ಮೇಡಂ, ಆದರೆ ನಕ್ಷೆ ಬರೆದದ್ದು ನಾವು ಎಂದಳು. ಅಂದರೆ ಹೊಲಿದವಳದಾದರೆ ಅದು ಯಾರದೂ ಅಲ್ಲ, ನೋಡಿ ಬರೆದುಕೊಂಡವರದಾದರೆ ಅದು ಆಸ್ತಿ! ನನಗೆ ಹಿಂದಿಯಲ್ಲಿ ಬೈಗುಳ ಬರುವುದಿಲ್ಲ. ಕನ್ನಡದಲ್ಲಿ ಒಂದು ಬೈದು ಫೋನಿಟ್ಟೆ. ಬೂತಿನವನು ನಕ್ಕ.

ಅಕ್ಕಿ ಮಾರಿದವನು ಅನ್ನವನ್ನು ಇದೇ ಒಲೆಯ ಮೇಲೆ ಮಾಡಬೇಕು, ಮಾಡಿದರೂ ಉಣ್ಣಬಾರದು, ನೋಡಬೇಕು ಎಂದರೆ ಹೇಗಿರುತ್ತದೆ? ನಾನು ಕದ್ದಿರಲಿಲ್ಲ. ಬೇರೆಯವರ ಸಿ.ಡಿ.ಯಿಂದ ಇಳಿಸಿಕೊಂಡಿರಲಿಲ್ಲ. ಕೇಳಿದಷ್ಟು ಕೊಟ್ಟು ತರಿಸಿದ್ದೆ. ಕೊಂಡವರಿಗೇ ಬೀಗ ಹಾಕಿ, ಕಳ್ಳರನ್ನು ಕಾದಂತೆ ಕಾಯುವ ವ್ಯಾಪಾರವನ್ನು ನಾನು ಅಲ್ಲಿಯತನಕ ಕಂಡಿರಲಿಲ್ಲ.

ಹಾಗೆಂದು ನಾನೇನು ದೊಡ್ಡ ಉದಾರಿಯಲ್ಲ. ನನ್ನ ಮೇಜಿನ ಖಾನೆಯಲ್ಲೂ "ಹೊರಗೆ ಕೊಡುವುದಿಲ್ಲ" ಎಂಬ ರಬ್ಬರ್ ಸ್ಟಾಂಪ್ ಇತ್ತು. ದಪ್ಪ ಪುಸ್ತಕಗಳಿಗೆಲ್ಲ ಅದನ್ನು ದಪ್ಪಂತ ಹೊಡೆದಿದ್ದೆ. ಪರೀಕ್ಷೆಯ ಹೊತ್ತಿನಲ್ಲಿ ಹುಡುಗಿಯರು, "ಮೇಡಂ, ಬರೇ ರವಿವಾರ ಒಂದ ದಿನ ಕೊಡ್ರಿ" ಎಂದು ಅಂಗಲಾಚಿದರೆ ನಿಯಮ ನಿಯಮ ಎಂದು ಮುಖ ತಿರುಗಿಸುತ್ತಿದ್ದೆ. ಬೂತಿನಿಂದ ಲೈಬ್ರರಿಗೆ ಮರಳಿದವಳು ಆ ಸ್ಟಾಂಪನ್ನು ಖಾನೆಯ ಹಿಂದಕ್ಕೆ ತಳ್ಳಿದೆ. ಅದೇ ವಾರದಿಂದ ಶನಿವಾರ ಸಂಜೆ ಕೊಟ್ಟು ಸೋಮವಾರ ಬೆಳಿಗ್ಗೆ ಇಸಿದುಕೊಳ್ಳತೊಡಗಿದೆ. ಒಂದು ಪುಸ್ತಕವೂ ಕಳೆಯಲಿಲ್ಲ.

ಇಂಟರ್ನೆಟ್ ಸೆಂಟರಿನ ಮಾಲೀಕನಿಗೂ ಹಟ ಹತ್ತಿತ್ತು. ಪರದೆಯ ಚಿತ್ರ ಹಿಡಿಯುವ ಗುಂಡಿ ಒತ್ತಿದ, ಬರೀ ಕಪ್ಪು ಬಂತು. ಪಕ್ಕದ ಸ್ಟುಡಿಯೋದವನನ್ನು ಕರೆಸಿ ಫೋಟೋ ತೆಗೆಸಿದ, ಆನೆಯ ಹೊಟ್ಟೆಯ ಮೇಲೆ ಅಡ್ಡಡ್ಡ ಪಟ್ಟೆ ಬಿದ್ದವು. ಕೊನೆಗೆ ಪರದೆಯ ಗಾಜಿನ ಮೇಲೆ ತೆಳು ಕಾಗದ ಹಿಡಿದು ಪೆನ್ಸಿಲಿನಿಂದ ತಿದ್ದೋಣವೇ ಎಂದ. ಅದನ್ನು ಮನೆಯಲ್ಲಿ ಹೇಳಿದಾಗ ದೊಡ್ಡವ್ವ ಮೂಗು ಮುರಿದಳು.

"ಗೀಟ ಹೊಡದು ಮಾಡೂದು ಕಸೂತಿ ಅಲ್ಲ, ಸಾಲಿ ಹುಡುಗೂರ ಚಿತ್ರಾ. ಕಾಣತೈತೇನು?"

"ಕಾಣತೈತಿ."

"ಎಳಿ ಎಣಿಸಾಕ ಬರತೈತೇನು?"

"ಬರತೈತಿ."

"ಮತ್ತ ಸೂಜಿ ಒಯ್ಯಿ. ನೋಡಾಕ ಕೊಟ್ಟಾರಲಾ, ಅಷ್ಟ ಸಾಕು. ನಾವು ಯಾವತ್ತರ ನೋಡೂದು ಬಿಟ್ಟು ಬ್ಯಾರೆ ಮಾಡೇವೇನು?"

ಇದು ನನ್ನ ತಲೆಗೇಕೆ ಹೊಳೆದಿರಲಿಲ್ಲವೋ! ಪ್ರಿಂಟು, ಫೋಟೋ ಎಂದು ಎಂಟು ದಿನ ಹಾಳು ಮಾಡಿದ್ದೆ. ಮಂದಿ ಎಂಥ ಬೀಗ ಹಾಕಿದರೂ ನೋಡಲು ಬಿಡಲೇಬೇಕು, ಇಲ್ಲದಿದ್ದರೆ ಮಾರುವುದಕ್ಕೆ ಏನೂ ಉಳಿಯುವುದಿಲ್ಲ. ನಮಗೆ ಅಷ್ಟೇ ಬೇಕಾಗಿತ್ತು.

ಮರುದಿನದಿಂದ ಕಾಲೇಜು ಬಿಟ್ಟ ಮೇಲೆ ಒಂದು ತಾಸು, ಒಂದೂವರೆ ತಾಸು ನಾಲ್ಕನೆಯ ಮಷಿನ್ನಿನ ಮುಂದೆ. ಮಡಿಲಲ್ಲಿ ಎಳೆ ಸ್ಪಷ್ಟ ಕಾಣುವ ಬಿಳಿ ಮ್ಯಾಟಿ ಬಟ್ಟೆ, ಕೈಯಲ್ಲಿ ಸೂಜಿ. ಪರದೆಯಲ್ಲಿ ಒಂದು ಚೌಕ, ಬಟ್ಟೆಯಲ್ಲಿ ಎರಡು ಎಳೆ. ಅಕ್ಕಪಕ್ಕ ಕೂತವರು ರಿಸಲ್ಟು ನೋಡುವವರು, ನೌಕರಿಯ ಅರ್ಜಿ ತುಂಬುವವರು. ಮೊದಮೊದಲು ನನ್ನನ್ನು ಹುಚ್ಚಿಯಂತೆ ನೋಡಿದರು. ಆಮೇಲೆ ಮಾಲೀಕನೇ ಬಂದವರಿಗೆಲ್ಲ ತುಟಿಯ ಮೇಲೆ ಬೆರಳಿಟ್ಟು, "ಸಾವಕಾಶ ಮಾತಾಡ್ರಿ, ಅಕ್ಕಾರು ಎಣಿಸಾಕತ್ತಾರ" ಎನ್ನತೊಡಗಿದ. ಹಾಗೆ ಕಾಯುವವನೇ ಒಮ್ಮೆ ಮರೆತು, "ಅಕ್ಕಾರ, ಚಾ ಎಷ್ಟ ಹೇಳ್ಲಿ?" ಎಂದು ಕೇಳಿದ. "ಎರಡು" ಎಂದೆ. ಅಂಬಾರಿಯ ಕಂಬಕ್ಕೆ ಮೂರು ಹಾಕಬೇಕಾದಲ್ಲಿ ಎರಡು ಹಾಕಿದ್ದು ಮನೆಗೆ ಹೋಗಿ ದೀಪದ ಕೆಳಗೆ ಹಿಡಿದಾಗ ಕಂಡಿತು. ನಗು ಬಂತು, ಅಳುವೂ ಬಂತು. ನಾನು ದೊಡ್ಡವ್ವನಷ್ಟು ದೊಡ್ಡ ಮನಸ್ಸಿನವಳಲ್ಲ, ಬಿಚ್ಚಿ ಮತ್ತೆ ಹಾಕಿದೆ.

ಎರಡು ಆನೆ ಮುಗಿದಿದ್ದವು. ಹಾಗೆ ನೋಡಿದರೆ ಆನೆಯೊಂದು ಬಂದರೆ ಹನ್ನೊಂದೂ ಬಂದಂತೆ. ಆದರೆ ಅಂಬಾರಿಯ ಬಣ್ಣ, ನಡುನಡುವಿನ ಹೂವು ಒಂದೊಂದಕ್ಕೆ ಒಂದೊಂದು ಥರ ಮಾಡಿದ್ದಳು ಪುಣ್ಯಾತ್ಗಿತ್ತಿ. ಆ ಹೊತ್ತಿಗೆ ಮಾಲೀಕ ತಲೆ ಕೆರೆಯುತ್ತ ಬಂದು ನಿಂತ.

"ಅಕ್ಕಾರ, ನಾಕನೇ ಮಷಿನ್‌ಗೆ ವೈರಸ್ ಭಾಳ ಆಗ್ಯಾವರಿ. ಫಾರ್ಮ್ಯಾಟ್ ಹೊಡೀಬೇಕು."

"ಹೊಡದ್ರ ಏನಾಕ್ಕೈತಿ?"

"ಎಲ್ಲಾ ಅಳಿಸಿ ಹೋಕ್ಕೈತ್ರಿ. ನಿಮ್ಮ ಆನಿ ಸುದ್ದಾ. ಆಮ್ಯಾಲೆ ಆ ಸಿ.ಡಿ. ಇದರಾಗೂ ತಗಿಯಂಗಿಲ್ಲ, ಯಾವುದರಾಗೂ ತಗಿಯಂಗಿಲ್ಲ."

ನನ್ನ ಮುಖ ನೋಡಿ ಅವನಿಗೇ ಕೆಡುಕೆನಿಸಿರಬೇಕು. ಅಮಾವಾಸ್ಯೆಯ ತನಕ ತಡೆಯುತ್ತೇನೆ, ಅದರ ಆಚೆ ನನ್ನಿಂದ ಆಗುವುದಿಲ್ಲ, ಉಳಿದ ಮಷಿನ್‌ಗಳಿಗೂ ಹತ್ತುತ್ತದೆ ಎಂದ. ಒಂದು ಕಾಗದದ ಮೇಲೆ "ಕೆಟ್ಟಿದೆ" ಎಂದು ಬರೆದು ನಾಲ್ಕನೆಯ ಮಷಿನ್ನಿನ ನೆತ್ತಿಗೆ ಅಂಟಿಸಿದ, ಬೇರೆ ಯಾರೂ ಕೂರದಿರಲೆಂದು. ಅಮಾವಾಸ್ಯೆಗೆ ಒಂಬತ್ತು ದಿನವಿತ್ತು. ಆನೆಗಳು ಒಂಬತ್ತು ಉಳಿದಿದ್ದವು. ರಜೆ ಹಾಕಿದೆ. ಬೆಳಿಗ್ಗೆ ಮಗಳಿಗೆ ಅಡುಗೆ ಒಪ್ಪಿಸಿ ಬಸ್ಸು ಹತ್ತಿದರೆ ಸಂಜೆ ಕತ್ತು ತಿರುಗದಂತಾದಾಗ ಏಳುತ್ತಿದ್ದೆ. ಆ ಗಾಜಿನ ಬೆಳಕಿಗೆ ಕಣ್ಣಲ್ಲಿ ನೀರು ಸೋರುತ್ತಿತ್ತು. ದೊಡ್ಡವ್ವನ ಕಣ್ಣಿನ ನೆನಪಾಗಿ ಹೆದರಿಕೆಯೂ ಆಗುತ್ತಿತ್ತು. ಆದರೂ ಎಲ್ಲೋ ಒಳಗೆ ಒಂದು ಮಜಾ ಇತ್ತು, ಸುಳ್ಳೇಕೆ? ಅಷ್ಟು ಜಾಣರು ಕೂಡಿ ಕಟ್ಟಿದ ಬೀಗವನ್ನು ಒಂದು ಎಂಟಾಣೆ ಸೂಜಿಯಿಂದ ದಿನಕ್ಕೊಂದು ಆನೆಯಂತೆ ದಾಟುತ್ತಿದ್ದೆ.

ಅಮಾವಾಸ್ಯೆಯ ದಿನ ಮಧ್ಯಾಹ್ನ ಕೊನೆಯ ಆನೆಯ ಬಾಲ ಮುಗಿಯಿತು. ಮಾಲೀಕ ಬಂದು ಬಟ್ಟೆಯ ಹಿಂದುಮುಂದು ತಿರುಗಿಸಿ ನೋಡಿದ, ಎರಡೂ ಕಡೆ ಒಂದೇ ಥರ ಇದ್ದದ್ದು ಕಂಡು ಬಾಯಿ ತೆರೆದ. "ಇದನ್ನ ಹೆಂಗ ಲಾಕ್ ಮಾಡ್ತಾರ್ರಿ ಅವ್ರು?" ಎಂದ. ಕಾಗದ ಕಿತ್ತು, ಮಷಿನ್ ಬಂದ್ ಮಾಡಿದ.

ಮನೆಗೆ ಬಂದು ಕಾಲು ತೊಳೆಯದೆ ಬಟ್ಟೆಯನ್ನು ದೊಡ್ಡವ್ವನ ಮಡಿಲಲ್ಲಿ ಹರವಿದೆ. ಅವಳ ಬಲಗೈಯ ಎರಡು ಬೆರಳು ಎಡತುದಿಯಿಂದ ನಡೆಯತೊಡಗಿದವು. ಮೊದಲ ಆನೆಯ ಬೆನ್ನು, ಅಂಬಾರಿಯ ಕಳಸ, ಕಾಲು. ಎರಡನೆಯದು. ಮೂರನೆಯದು. ನಾಲ್ಕನೆಯದರ ಸೊಂಡಿಲಿನ ಮೇಲೆ ಬೆರಳು ಒಂದೊಂದೇ ಮೆಟ್ಟಿಲು ಇಳಿಯಿತು. ಆರಕ್ಕೆ ನಿಂತಿತು. ಇನ್ನೊಂದು ಇಳಿಯಿತು, ನೆಲದ ಗೆರೆ ಮುಟ್ಟಿತು.

"ಹಸದಾಕಿ ಬಂದ್ಲ ನೋಡು" ಎಂದಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಬಾಯಿ ನಗುತ್ತಿತ್ತು. ನಾನೂ ಅತ್ತೆ. ಮಗಳು ಒಳಗಿಂದ ಓಡಿ ಬಂದು ಏನಾಯಿತೆಂದು ಗಾಬರಿಯಾದಳು.

ಸ್ವಲ್ಪ ಹೊತ್ತಿನ ಮೇಲೆ ದೊಡ್ಡವ್ವ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು.

"ಆ ಸಿ.ಡಿ. ಹೊಳ್ಳಿ ಕೊಟ್ಟಿಯೇನು?"

"ಅದನ್ಯಾಕ ಹೊಳ್ಳಿ ಕೊಡ್ಲಿ? ಕೊಂಡಿದ್ದದು."

"ಎಲ್ಲಿ ಬೇಕಂದ್ರ ಅಲ್ಲಿ ತಗಿಯಾಕ ಬರತೈತೇನು?"

"ಇಲ್ಲ."

"ಮಂದಿಗೆ ಕೊಡಾಕ?"

"ಇಲ್ಲ."

"ಮತ್ತ ಅದು ಕೊಂಡಿದ್ದು ಹೆಂಗಾತು? ಇಸಗೊಂಡಿದ್ದು. ಇಸಗೊಂಡಿದ್ದನ್ನ ಮನ್ಯಾಗ ಇಟಗೋಬಾರದು. ಉಡಿ ತುಂಬಿ ಹೊಳ್ಳಿ ಕೊಡು."

ಯಜಮಾನರು ಪೇಪರಿನಿಂದ ತಲೆ ಎತ್ತಿದರು. ಉಡಿ ಕಳಿಸುವುದೆಂದರೆ ನಾವು ನಕಲು ತೆಗೆದೆವು ಎಂದು ನಾವೇ ಬರೆದುಕೊಟ್ಟಂತಲ್ಲವೇ, ಕೇಸು ಗೀಸು ಹಾಕಿದರೆ ಏನು ಗತಿ ಎಂದರು. ಅವರ ಹೆದರಿಕೆ ಸುಳ್ಳಲ್ಲ. ನನಗೂ ಒಂದು ಗಳಿಗೆ ಅಳುಕಾಯಿತು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ದೊಡ್ಡವ್ವ ಕುರುಡುಗಣ್ಣನ್ನು ಅವರ ಕಡೆ ತಿರುಗಿಸಿದಳು.

"ಸುಮ್ನ ಇಟಗೊಳ್ಳೂದು ಕಳ್ಳರ ಕೆಲಸರಿ ಅಳಿಯಂದ್ರ. ನಾವು ಹೇಳಿ ತಗೊಳ್ಳೋರು."

"ಹಾಕಲಿ ಕೇಸು" ಎಂದೆ ನಾನು. "ಈ ಆನಿ ಹೊಲದ ಸೀರಿ ಉಟಗೊಂಡ ಕೋರ್ಟಿಗೆ ಹೋಗ್ತೇನಿ. ಜಡ್ಜ್ ಸಾಹೇಬ್ರು ಸೊಂಡಿ ಎಣಿಸಲಿ."

ಸಿ.ಡಿ.ಯ ಲಕೋಟೆಯನ್ನು ಒಂದು ಗಟ್ಟಿ ಡಬ್ಬಿಯಲ್ಲಿಟ್ಟೆವು. ದೊಡ್ಡವ್ವ ತಾನೇ ತಡವರಿಸಿ ಹಿಡಿ ಅಕ್ಕಿ ಹಾಕಿದಳು, ಎರಡು ಅಡಿಕೆ, ಅರಿಶಿನ ಕೊಂಬು, ಕುಂಕುಮದ ಪೊಟ್ಟಣ. ಅಷ್ಟಕ್ಕೇ ಸಮಾಧಾನವಾಗದೆ ಒಂದು ಖಣದ ತುಂಡನ್ನೂ ಇಡಿಸಿದಳು. ಬಂದಿದ್ದ ಆ ಹೆಣ್ಣುಮಗಳು ಇನ್ನೂ ಅಲ್ಲಿದ್ದರೆ ಅವಳಿಗಾದೀತು ಎಂದು. ನಾನು ಒಂದು ಪತ್ರ ಬರೆದೆ, ಕನ್ನಡದಲ್ಲೇ. ಓದಿಸಿಕೊಳ್ಳುವ ಕಷ್ಟ ಅವರಿಗಿರಲಿ. ನಿಮ್ಮ ಕಡತದಿಂದ ಹನ್ನೊಂದು ಆನೆಗಳನ್ನು ಎಣಿಸಿಕೊಂಡಿದ್ದೇವೆ, ಉಡಿ ಸ್ವೀಕರಿಸಬೇಕು. ಮಾಡಿದವರು ತಿಳಿದಿಲ್ಲ ಎಂದು ಬರೆದಿದ್ದೀರಿ. ಮಾಡಿದಾಕೆ ಕೆಲಗೇರಿಯಲ್ಲಿದ್ದಾಳೆ, ನಿಮಗೆ ಮೂರು ದಿನ ಊಟ ಬಡಿಸಿದವಳು. ಗುರುತು ಬೇಕಾದರೆ ಎಡದಿಂದ ನಾಲ್ಕನೆಯ ಆನೆಯ ಸೊಂಡಿಲು ಎಣಿಸಿ ನೋಡಿ. ಅದನ್ನು ಹೊಲಿದ ದಿನ ಅವಳ ಮನೆಯಲ್ಲಿ ಊಟಕ್ಕೆ ಏಳು ಜನರಿದ್ದರು. ಇಷ್ಟು ಬರೆದು ಕೆಳಗೆ ಸಹಿ ಮಾಡಿದೆ, ವಿಳಾಸ ಪೂರ್ತಿ ಹಾಕಿದೆ. ರಿಜಿಸ್ಟರ್ಡ್ ಪೋಸ್ಟಿಗೆ ಕೊಟ್ಟು, ತಲುಪಿದ್ದಕ್ಕೆ ಸಹಿಯಾಗಿ ಬರುವ ಕಾರ್ಡನ್ನೂ ಲಗತ್ತಿಸಿದೆ.

ಆಮೇಲೆ ಮ್ಯಾಟಿ ಬಟ್ಟೆಯಿಂದ ಮಗಳಿಗೆಂದು ತಂದ ಹೊಸ ಚಂದ್ರಕಾಳಿಗೆ ಆನೆಗಳನ್ನು ಇಳಿಸಲು ಕೂತೆ. ಕಪ್ಪು ಸೀರೆ ಹಗಲಿನಲ್ಲಷ್ಟೇ ಎಣಿಸಲು ಬರುತ್ತದೆ, ಹೀಗಾಗಿ ಬಾಗಿಲ ಬಳಿಯೇ ಕೂರುತ್ತಿದ್ದೆ. ಮಗಳೂ ಒಂದು ತುದಿಯಿಂದ ಕೈ ಹಾಕಿದಳು. ಮದುವೆಗೆ ಇನ್ನು ಹದಿನೆಂಟು ದಿನ ಎನ್ನುವಾಗ ಪೋಸ್ಟಿನವನು ಅಂಗಳದಲ್ಲಿ ನಿಂತು ಆ ಕಾರ್ಡು ಕೊಟ್ಟ. ಪತ್ರಕ್ಕೆ ಉತ್ತರವಿರಲಿಲ್ಲ. ನೋಟೀಸೂ ಇರಲಿಲ್ಲ, ಮುಂದೆಯೂ ಬರಲಿಲ್ಲ. ಕಾರ್ಡಿನ ಮೇಲೆ ನೀಲಿ ಶಾಯಿಯ ಒಂದು ಸಹಿ, ಸಂಸ್ಥೆಯ ಗುಂಡನೆಯ ಶಿಕ್ಕಾ, ಅಷ್ಟೇ.

"ಏನದು?" ಎಂದಳು ದೊಡ್ಡವ್ವ, ಮಂಚದಿಂದ.

"ಡಬ್ಬಿ ಮುಟ್ಟೇತಿ. ಇಸಗೊಂಡಾರ."

"ಸಹಿ ಮಾಡ್ಯಾರೇನು?"

"ಮಾಡ್ಯಾರ. ಶಿಕ್ಕಾನೂ ಹೊಡದಾರ."

ದೊಡ್ಡವ್ವ ಕೈ ಚಾಚಿದಳು. ಕಾರ್ಡನ್ನು ಇಸಿದುಕೊಂಡು ಕಣ್ಣಿಗೊತ್ತಿಕೊಂಡಳು.

"ಉಡಿ ಇಸಗೊಂಡ್ರು ಅಂದ್ರ ಮಾದರಿ ಕೊಟ್ಟಂಗಾತು" ಎಂದಳು. "ಆ ನಳದ ಜಗಳದಾಕಿ ಎಂಟ ದಿನದಿಂದ ಆನಿ ಕೇಳಾಕತ್ತಾಳ. ಬಿಳಿ ಮ್ಯಾಟಿ ಅರಬಿ ಒಯ್ದು ಆಕಿಗೆ ಕೊಟ್ಟ ಬಾ."